ನಾಲ್ಕು ತಿಂಗಳು ಫ್ರೀ, ಆಮೇಲೆ 4,998 ರೂಪಾಯಿ

ಪಡುಬಿದ್ರಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಸೀಟು ಸಿಕ್ಕಿದರೆ ಎರಡೂ ಕೈಯಲ್ಲಿ ಗೇಮ್, ಸಿಗದಿದ್ದರೆ ಒಂದು ಕೈ ಕಂಬಿಗೆ. ಹೀಗೆ ಶುರುವಾದದ್ದು ನನ್ನ ಗಾಚಾ ಚಟ, ಅಂದರೆ ಅದೃಷ್ಟದ ಮೇಲೆ ಪಾತ್ರ ಸಿಗುವ ಮೊಬೈಲ್ ಗೇಮಿನ ಚಟ. ಹಗಲು ಆಡಿಟರ್ ಆಫೀಸಿನಲ್ಲಿ ಊರವರ ಖರ್ಚಿನ ಲೆಕ್ಕ ನೋಡುವವಳು ನಾನು. ಆದ್ದರಿಂದ ಇದರ ಲೆಕ್ಕವನ್ನೂ ಬರೆದಿಟ್ಟಿದ್ದೇನೆ.

ಗೇಮಿನ ಹೆಸರು ಬೇಡ. ಈ ಜಾತಿಯ ಗೇಮ್‌ಗಳಲ್ಲಿ ಹೆಸರು ಬೇರೆ ಬೇರೆ, ಒಳಗಿನ ಲೆಕ್ಕ ಸುಮಾರು ಒಂದೇ. 2020ರಲ್ಲಿ ಬಂದ ಜೆನ್‌ಶಿನ್ ಇಂಪ್ಯಾಕ್ಟ್ ಆಡಿದವರಿಗೆ ಇದು ಬಾಯಿಪಾಠ: ಒಂದು ಸಲ ಅದೃಷ್ಟ ನೋಡುವುದಕ್ಕೆ, ಅಂದರೆ ಒಂದು ಪುಲ್‌ಗೆ, 160 ಹರಳು (ಗೇಮಿನೊಳಗಿನ ದುಡ್ಡು), ಅದರಲ್ಲಿ ಅತಿ ಅಪರೂಪದ ಐದು ಸ್ಟಾರ್ ಪಾತ್ರ ಸಿಗುವ ಸಾಧ್ಯತೆ ಶೇ. 0.6, ಎಷ್ಟೇ ಕೆಟ್ಟ ಅದೃಷ್ಟ ಇದ್ದರೂ 90ನೇ ಪುಲ್‌ಗೆ ಒಂದು ಗ್ಯಾರಂಟಿ. ನನ್ನ ಗೇಮಿನಲ್ಲೂ ಅದೇ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಚಿತ್ರ ಚಂದ, ಸಂಗೀತ ಇನ್ನೂ ಚಂದ. ಕಥೆ ಪೂರ್ತಿ ಫ್ರೀ. ನಾಲ್ಕು ತಿಂಗಳು ಒಂದು ಪೈಸೆ ಕೊಡದೆ ಆಡಿದೆ, ಎಲ್ಲಿಯೂ ಅಡ್ಡಿ ಆಗಲಿಲ್ಲ. ಜಾಹೀರಾತೂ ಇಲ್ಲ.

ಐದನೇ ತಿಂಗಳು ಗೇಮಿಗೆ ಬಲೆ ಬೀಸುವ ಒಬ್ಬ ಐದು ಸ್ಟಾರ್ ಹುಡುಗಿ ಬಂದಳು. ಸೊಂಟಕ್ಕೆ ಸೀರೆ ಕಟ್ಟಿಕೊಂಡು, ನಮ್ಮ ಕಡಲ ಕರೆಯವಳ ಹಾಗೆಯೇ. ಬ್ಯಾನರ್, ಅಂದರೆ ಅವಳು ಸಿಗುವ ಅವಧಿ, 21 ದಿನ ಮಾತ್ರ. ಐದು ಸ್ಟಾರ್ ಬಾರದೆ ಎಳೆದ ಪುಲ್‌ಗಳ ನನ್ನ ಲೆಕ್ಕ ಆಗ 66ರಲ್ಲಿತ್ತು, ಅಂದರೆ 90ಕ್ಕೆ ಇನ್ನು 24 ಪುಲ್ ಸಾಕು.

ಇಲ್ಲಿಯೇ ನಾನು ಬಿದ್ದದ್ದು. ತಲಪಾಡಿ ದಾಟಿದರೆ ಕೇರಳದ ಲಾಟರಿ ಸಿಗುತ್ತದೆ ಅಲ್ವಾ? ನಾನೂ ಒಂದೆರಡು ಸಲ ತೆಗೆದುಕೊಂಡಿದ್ದೇನೆ. ನಂಬರ್ ಬರಲಿಲ್ಲ, ಹರಿದು ಬಿಸಾಡಿದೆ, ಮುಗಿಯಿತು. ಲಾಟರಿಗೆ ನನ್ನ ಹಳೇ ಸೋಲು ನೆನಪಿರುವುದಿಲ್ಲ. ಈ ಗೇಮಿಗೆ ನೆನಪಿರುತ್ತದೆ. 66 ಸಲ ಸೋತಿದ್ದೀ, ಈಗ ಬಿಟ್ಟರೆ ಹೇಗೆ ಅಂತ ಕೇಳಿದ ಹಾಗೆ ಇರುತ್ತದೆ. ಆ 90ರ ಗ್ಯಾರಂಟಿಗೆ ಆಡುವವರು ಪಿಟಿ ಅನ್ನುತ್ತಾರೆ, ಕರುಣೆ ಅಂತ. ಶೇ. 0.6ಕ್ಕೆ ನಾನು ದುಡ್ಡು ಹಾಕುತ್ತಲೇ ಇರಲಿಲ್ಲ. ದುಡ್ಡು ಹಾಕಿಸಿದ್ದು ಈ ಕರುಣೆಯೇ.

ಮುಲ್ಕಿ ಸೇತುವೆಯ ಮೇಲೆ ಯುಪಿಐ ಪಿನ್ ಒತ್ತಿದೆ. 2,499 ರೂಪಾಯಿಗೆ 1,980 ಹರಳು, ಮೊದಲ ಸಲಕ್ಕೆ ಡಬಲ್, ಒಟ್ಟು 3,960. 24 ಪುಲ್ ಆಗಿ 120 ಹರಳು ಉಳಿಯುತ್ತದೆ. ಈ ಉಳಿಕೆ ನೋಡಿ, ಹೆಚ್ಚಿನ ಪ್ಯಾಕ್‌ಗಳಲ್ಲಿ ಸರಿಯಾಗಿ ಸೊನ್ನೆಗೆ ಬರುವುದಿಲ್ಲ. ಚಿಲ್ಲರೆ ಗೇಮಿನವರ ಗಲ್ಲಾಪೆಟ್ಟಿಗೆಯಲ್ಲಿ.

78ನೇ ಪುಲ್‌ಗೆ ಐದು ಸ್ಟಾರ್‌ನ ಚಿನ್ನದ ಬೆಳಕು ಬಂತು. ಪಕ್ಕದ ಸೀಟಿನ ಹೆಂಗಸೂ ಬಗ್ಗಿ ನೋಡಿದರು. ಬಂದದ್ದು ಸುತ್ತಿಗೆ ಹಿಡಿದ ಮೀಸೆ ಮುದುಕ. ಅವನು ಮೊದಲೇ ನನ್ನ ಹತ್ತಿರ ಇದ್ದ! ಗ್ಯಾರಂಟಿ ಐದು ಸ್ಟಾರ್‌ಗೆ ಮಾತ್ರ, ಹುಡುಗಿಗೆ ಅಲ್ಲ. ಅವಳು ಬರುವುದು ಅರ್ಧಕ್ಕರ್ಧ. ಸಣ್ಣ ಅಕ್ಷರದಲ್ಲಿ ಬರೆದಿತ್ತು, ಓದಿಯೂ ಇದ್ದೆ. ಈ ಸಲ ತಪ್ಪಿದ್ದರಿಂದ ಮುಂದಿನ ಐದು ಸ್ಟಾರ್ ಖಂಡಿತ ಅವಳೇ ಅಂತೆ. ಲೆಕ್ಕ ಮಾತ್ರ ಮತ್ತೆ ಸೊನ್ನೆಯಿಂದ. ಉಳಿದ 12 ಎಳೆದೆ. ಹಳೆಯಂಗಡಿ ಬರುವಾಗ ಇನ್ನೊಂದು ಪ್ಯಾಕ್. ಈ ಸಲ ಡಬಲ್ ಇಲ್ಲ, ಹಳೇ ಚಿಲ್ಲರೆ ಸೇರಿ 13 ಪುಲ್. ಲೆಕ್ಕ 25ಕ್ಕೆ ಬಂದು ನಿಂತಿತು. ಸುರತ್ಕಲ್‌ನಲ್ಲಿ ಫೋನ್ ಬ್ಯಾಗಿಗೆ ಹಾಕಿದೆ.

ದುಡ್ಡು ಹಾಕಲೇಬೇಕು ಅನ್ನುವವರಿಗೆ ತಿಂಗಳ ಕಾರ್ಡ್ ಲಾಭ. 449 ರೂಪಾಯಿಗೆ ಕೂಡಲೇ 300, ಆಮೇಲೆ ದಿನಕ್ಕೆ 90, ತಿಂಗಳಿಗೆ ಒಟ್ಟು 3,000 ಹರಳು. ಆದರೆ ಒಂದು ದಿನ ಗೇಮ್ ತೆರೆಯದಿದ್ದರೆ ಆ ದಿನದ್ದು ಹೋಯಿತು. ಕಾರ್ಡ್ ಇಲ್ಲದ ನನಗೂ ದಿನದ ಫ್ರೀ ಹರಳಿನ ಚಿಂತೆ: ನಮ್ಮ ಕುಟುಂಬದ ನೇಮದ (ಭೂತಕೋಲದ) ರಾತ್ರಿ, ದೈವ ಗಗ್ಗರ ಕಟ್ಟಿ ನಿಂತಿರುವಾಗ, ನಾನು ನೆಟ್‌ವರ್ಕ್ ಹುಡುಕಿಕೊಂಡು ತೋಟದ ಬದಿಗೆ ಹೋಗಿದ್ದೆ. ಗೇಮಿನ ದಿನ ಬದಲಾಗುವುದು ರಾತ್ರಿ ಒಂದೂವರೆಗೆ. ಚಿಕ್ಕಪ್ಪ ಟಾರ್ಚ್ ಹಿಡಿದು ಬಂದು, "ಹುಷಾರಿಲ್ವಾ ಮಗಾ?" ಅಂದರು. ಏನು ಹೇಳಲಿ!

ಕಾನೂನು ಬೇರೆ ದೇಶಗಳಲ್ಲಿ ಸ್ವಲ್ಪ ಎಚ್ಚರವಾಗಿದೆ. ಜಪಾನ್‌ನಲ್ಲಿ ಸೆಟ್ ಪೂರ್ತಿ ಮಾಡಿದರೆ ಬಹುಮಾನ ಅನ್ನುವ ಗಾಚಾವನ್ನು 2012ರಲ್ಲೇ ನಿಲ್ಲಿಸಿದರು. ಬೆಲ್ಜಿಯಂ 2018ರಲ್ಲಿ ಒಳಗೇನಿದೆ ಅಂತ ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳನ್ನು ಜೂಜು ಅಂದಿತು. ನಮ್ಮ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಿಡಿದದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು. ಇಲ್ಲಿ ಗೆದ್ದರೂ ಸಿಗುವುದು ಮೀಸೆ ಮುದುಕ.

ನನ್ನ ರೇಟಿಂಗ್: ಆಟಕ್ಕೆ ಐದರಲ್ಲಿ ನಾಲ್ಕೂವರೆ, ಅಂಗಡಿಗೆ ಒಂದು.

ಮನೆಯಲ್ಲಿ ಅಮ್ಮನಿಗೆ ಹೇಳಿದೆ, 4,998 ಅಂತ ಪೂರ್ತಿ. ಬೈಗುಳಕ್ಕೆ ತಯಾರಾಗಿದ್ದೆ. ಅವರು ಮಲ್ಲಿಗೆ ಕಟ್ಟುತ್ತಾ ಕೇಳಿಸಿಕೊಂಡು, "ಇದು ನಮ್ಮ ಲಕ್ಕಿ ಸ್ಕೀಮ್ ಅಲ್ವಾ ಮಾರಾಯ್ತಿ?" ಅಂದರು. ಹೌದಲ್ಲ! ತಿಂಗಳಿಗೆ 1,000 ಕಟ್ಟುವುದು, ಪ್ರತಿ ತಿಂಗಳು ಡ್ರಾ, ಕಾರು ಬೇರೆ ಯಾರಿಗೋ. ಕೊನೆಗೆ ಡ್ರಾದಲ್ಲಿ ಬಾರದವರಿಗೆಲ್ಲ ಗ್ಯಾರಂಟಿ ಬಹುಮಾನ. ಅಮ್ಮ 20 ಕಂತು ಕಟ್ಟಿದ್ದಕ್ಕೆ ಬಂದ ಸೋಫಾದ ಮೇಲೆಯೇ ನಾನು ಕೂತಿದ್ದೆ. ಅದರ ಒಂದು ಕಾಲು ಈಗಲೂ ಅಲ್ಲಾಡುತ್ತದೆ.

"ಹಾಗಾದ್ರೆ ನಿಂದು ಇನ್ನೆಷ್ಟು ಕಂತು ಬಾಕಿ ಉಂಟು?" ಅಂತ ಕೇಳಿದರು.

"65," ಅಂದೆ. ಬಾಯಿಗೇ ಬಂತು, ಫೋನ್ ನೋಡಬೇಕಾಗಲಿಲ್ಲ.