ಎರಡು ವರ್ಷ ಫ್ರೀಕ್ಯಾಡ್ ಬಳಸಿದ ಮೇಲೆ: ಎಸ್‌ಟಿಎಲ್ ಜೊತೆಗಿನ ಗುದ್ದಾಟ

ಎಸ್‌ಟಿಎಲ್ ಫೈಲ್ (3ಡಿ ಪ್ರಿಂಟಿಗೆ ಕೊಡುವ ಆಕಾರದ ಫೈಲ್) ಹಾಕಿ ಬಟನ್ ಒತ್ತಿದರೆ ತಿದ್ದಬಹುದಾದ ಕ್ಯಾಡ್ ಮಾಡೆಲ್ ಸಿಗುತ್ತದೆ ಅಂದುಕೊಂಡು ಫ್ರೀಕ್ಯಾಡ್ ಅನ್ನುವ ಉಚಿತ 3ಡಿ ವಿನ್ಯಾಸ ತಂತ್ರಾಂಶ ಇಳಿಸಿಕೊಳ್ಳುತ್ತಿದ್ದರೆ, ಆ ಆಸೆ ಬಿಟ್ಟುಬಿಡಿ. ನಾನೂ ಅದೇ ಆಸೆಯಿಂದ ಶುರು ಮಾಡಿದವನು. ಆಸೆ ಹೋಯಿತು, ಫ್ರೀಕ್ಯಾಡ್ ಉಳಿಯಿತು.

ನಾನು ಮಾಡುವುದು ಸಣ್ಣ ರೋಬೋಟ್ ಕೈಗಳನ್ನು. ಯಾರೋ ಹಂಚಿದ ಗ್ರಿಪ್ಪರನ್ನೋ ತೋಳನ್ನೋ ತೆಗೆದುಕೊಂಡು ನನ್ನ ಮೋಟಾರಿಗೆ ಹೊಂದಿಸಿಕೊಳ್ಳುತ್ತೇನೆ. ಹಂಚುವವರಲ್ಲಿ ಕ್ಯಾಡ್‌ನಲ್ಲಿ ತಿದ್ದಲು ಬರುವ ಸ್ಟೆಪ್ ಫೈಲ್ ಕೊಡುವ ಪುಣ್ಯಾತ್ಮರು ಕಡಿಮೆ, ಎಸ್‌ಟಿಎಲ್ ಕೊಡುವವರೇ ಜಾಸ್ತಿ. ಎಸ್‌ಟಿಎಲ್ ಒಳಗೆ ಇರುವುದು ಬರೀ ತ್ರಿಕೋನಗಳು, ಆ ತ್ರಿಕೋನಗಳ ಬಲೆಗೇ ಮೆಶ್ ಅನ್ನುವುದು. ಇದು ತೂತು, ಇದು ಅಂಚು ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ಅಳತೆ ಮಿಲಿಮೀಟರಿನದೋ ಇಂಚಿನದೋ ಅನ್ನುವುದೂ ಇಲ್ಲ. ಒಮ್ಮೆ ಯುಆರ್‌ಡಿಎಫ್ (ರೋಬೋಟಿನ ರಚನೆ ವಿವರಿಸುವ ಫೈಲ್) ಜೊತೆ ಬಂದ ಮೆಶ್ ತೆರೆದರೆ ಪರದೆ ಖಾಲಿ! ಆ ಲೋಕದಲ್ಲಿ ಎಲ್ಲವೂ ಮೀಟರಿನಲ್ಲಿ, ಫ್ರೀಕ್ಯಾಡ್ ಓದಿದ್ದು ಮಿಲಿಮೀಟರ್ ಅಂತ. 250 ಮಿಮೀ ಉದ್ದದ ತೋಳು ಕಾಲು ಮಿಲಿಮೀಟರ್ ಚುಕ್ಕಿಯಾಗಿ ಮೂಲೆಯಲ್ಲಿ ಕೂತಿತ್ತು. 1000 ಪಟ್ಟು ಹಿಗ್ಗಿಸಿದೆ, ಸರಿಹೋಯಿತು.

ಪರಿವರ್ತನೆ ಮಾಡುವ ದಾರಿ ಸುಲಭವೇ. ಫ್ರೀಕ್ಯಾಡಿನ ಪಾರ್ಟ್ ವರ್ಕ್‌ಬೆಂಚಿಗೆ (ಒಂದು ಉಪಕರಣ ವಿಭಾಗ) ಹೋಗಿ 'ಕ್ರಿಯೇಟ್ ಶೇಪ್ ಫ್ರಮ್ ಮೆಶ್', ಆಮೇಲೆ 'ಕನ್ವರ್ಟ್ ಟು ಸಾಲಿಡ್' (ಒಳಗೆ ತುಂಬಿದ ಘನ ಆಕಾರ ಮಾಡುವುದು), ಕೊನೆಗೆ 'ರಿಫೈನ್ ಶೇಪ್'. ಆದರೆ ಒಂದೊಂದು ತ್ರಿಕೋನವೂ ಒಂದೊಂದು ಮುಖವಾಗುತ್ತದೆ. ನಾನು ಮೊದಲ ಸಲ ಹಾಕಿದ್ದು 1,20,000 ತ್ರಿಕೋನಗಳ ಸ್ಕ್ಯಾನ್. ಕಂಪ್ಯೂಟರ್ ಕೈಚೆಲ್ಲಿತು, ತಪ್ಪು ನನ್ನದೇ. ಮೊದಲು ತ್ರಿಕೋನ ಕಡಿಮೆ ಮಾಡಿ, ಮೆಶ್‌ನಲ್ಲಿರುವ ಬಿರುಕು ಮುಚ್ಚಿ, ಆಮೇಲೆ ಪರಿವರ್ತಿಸಬೇಕಿತ್ತು.

ರಿಫೈನ್ ಮಾಡಿದಾಗ ಒಂದೇ ಸಮತಲದಲ್ಲಿರುವ ತ್ರಿಕೋನಗಳು ಕೂಡಿಕೊಳ್ಳುತ್ತವೆ. ದುಂಡಗಿನ ಭಾಗ ಮಾತ್ರ ದುಂಡಗಾಗುವುದಿಲ್ಲ. ನನಗೆ ಪಾಠ ಕಲಿಸಿದ್ದು 608 ಅನ್ನುವ ಪ್ರಮಾಣಿತ ಅಳತೆಯ ಒಂದು ಬೇರಿಂಗ್. ಅದರ ಹೊರ ವ್ಯಾಸ 22 ಮಿಮೀ. ಮೆಶ್‌ನಲ್ಲಿ ಅದು ಕೂರುವ ತೂತು 24 ಬದಿಗಳ ಬಹುಭುಜ. ಎದುರುಬದುರು ಬದಿಗಳ ನಡುವೆ ಅಳೆದರೆ 21.81 ಬಂತು. ಅದನ್ನೇ ನಂಬಿ ವೃತ್ತ ಎಳೆದು ಪ್ರಿಂಟ್ ಮಾಡಿದೆ, ಬೇರಿಂಗ್ ಕೂರಲೇ ಇಲ್ಲ. ನಿಜವಾದ ವೃತ್ತದ ಮೇಲೆ ಇರುವುದು ಬಹುಭುಜದ ಮೂಲೆಗಳು, ಬದಿಗಳಲ್ಲ. ಮೂಲೆಯಿಂದ ಎದುರಿನ ಮೂಲೆಗೆ ಅಳೆದಿದ್ದರೆ 22 ಸಿಗುತ್ತಿತ್ತು. ಇಷ್ಟು ಸಣ್ಣ ವಿಷಯಕ್ಕೆ ಮೂರು ಪ್ರಿಂಟ್ ಹಾಳು!

ಆಮೇಲಿಂದ ನನ್ನ ಪದ್ಧತಿಯೇ ಬದಲಾಯಿತು. ಮೆಶ್ ಈಗ ನನಗೆ ಕೆಳಗಿಟ್ಟು ಮೇಲೆ ಗೆರೆ ಎಳೆಯುವ ನಕಲು ಹಾಳೆ ಅಷ್ಟೇ. 'ಕ್ರಾಸ್ ಸೆಕ್ಷನ್ಸ್' ಹಾಕಿ ಬೇಕಾದ ಎತ್ತರಗಳಲ್ಲಿ ಅಡ್ಡ ಕೊಯ್ದುಕೊಳ್ಳುತ್ತೇನೆ. ಆ ಗೆರೆಗಳ ಮೇಲೆ ಹೊಸ ಸ್ಕೆಚ್ ಎಳೆಯುತ್ತೇನೆ. ಅಳತೆ 30.9 ತೋರಿಸಿದರೂ ಜಾಗ ನೆಮಾ 17 ಅನ್ನುವ ಪ್ರಮಾಣಿತ ಅಳತೆಯ ಮೋಟಾರಿನದಾಗಿದ್ದರೆ ಕಣ್ಣುಮುಚ್ಚಿ 31 ಹಾಕುತ್ತೇನೆ, ಸ್ಕ್ರೂ ತೂತುಗಳ ಅಂತರ ಅಷ್ಟೇ ಇರುವುದು. ಗೇರ್ ಹಲ್ಲುಗಳನ್ನಂತೂ ಯಾವತ್ತೂ ನಕಲು ಮಾಡುವುದಿಲ್ಲ. 40 ಹಲ್ಲು, ಹೊರ ವ್ಯಾಸ 42 ಅಂದರೆ ಸಾಮಾನ್ಯವಾಗಿ ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 1. ಅದನ್ನು ಕೊಟ್ಟು ಹೊಸದಾಗಿಯೇ ಗೇರ್ ಮಾಡುವುದು ವಾಸಿ. ಒಂದು ಬ್ರಾಕೆಟ್ಟಿಗೆ ಹೀಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಪರಿವರ್ತಿಸಿದ ಸಾಲಿಡ್ ಜೊತೆ ಒಂದು ದಿನ ಒದ್ದಾಡುವುದಕ್ಕಿಂತ ಇದೇ ಮೇಲು ಅಲ್ವಾ?

2024ರ ನವೆಂಬರ್‌ನಲ್ಲಿ ಫ್ರೀಕ್ಯಾಡ್ 1.0 ಬಂದ ಮೇಲೆ ಈ ಕೆಲಸ ಇನ್ನಷ್ಟು ನೆಮ್ಮದಿಯದಾಗಿದೆ. ಹಳೆಯ ಸ್ಕೆಚ್ ತಿದ್ದಿದರೆ ಮುಂದಿನ ಹಂತಗಳು ದಿಕ್ಕು ತಪ್ಪುವುದು ಕಡಿಮೆಯಾಗಿದೆ.

ಹಾಗಾದರೆ ಪರಿವರ್ತನೆ ದಂಡವಾ? ಪೂರ್ತಿ ಅಲ್ಲ. ಇದ್ದ ಭಾಗಕ್ಕೆ ವೈರ್ ಹೋಗಲು ಒಂದು ಕಂಡಿ ಕೊರೆಯಬೇಕು, ಎರಡು ತೂತು ಸೇರಿಸಬೇಕು ಅಷ್ಟೇ ಅಂದರೆ ಈಗಲೂ ಅದನ್ನೇ ಮಾಡುತ್ತೇನೆ. ಮುಖಗಳು ಎಷ್ಟಿದ್ದರೇನು, ಕೊಯ್ದು ಪ್ರಿಂಟಿಗೆ ಕಳಿಸುವುದು ತಾನೇ. ಪರಿವರ್ತನೆಗೆ ನಾನು ಐದಕ್ಕೆ ಎರಡು ಕೊಡುತ್ತೇನೆ, ಮೆಶ್ ಮೇಲೆ ಕೂತು ಹೊಸದಾಗಿ ಬಿಡಿಸುವ ಅನುಕೂಲಕ್ಕೆ ನಾಲ್ಕು.

ಬಾಗಿ ಬಳುಕುವ ಹೊರಕವಚಕ್ಕೆ ಮಾತ್ರ ನನ್ನ ಬಳಿ ಮದ್ದಿಲ್ಲ. ಸ್ಕ್ಯಾನ್ ಮಾಡಿದ ಒಂದು ಮುಖವಾಡ ಆರು ತಿಂಗಳಿಂದ ಫೋಲ್ಡರಿನಲ್ಲೇ ಬಿದ್ದಿದೆ. ಅದನ್ನು ಮೆಶ್ ಆಗಿಯೇ ಬಿಟ್ಟು, ಒಳಗಿನ ಸ್ಕ್ರೂ ಕಂಬಗಳನ್ನಷ್ಟೇ ಬೇರೆ ಮಾಡಿ ಅಂಟಿಸುವ ಯೋಚನೆಯಲ್ಲಿದ್ದೇನೆ.