ಮೇಣದ ಕ್ಯಾನ್ವಾಸ್ ಬೆನ್ನುಚೀಲ: ವರ್ಷಗಟ್ಟಲೆ ಬಳಸಿದ ಮೇಲಿನ ಲೆಕ್ಕ

ಮೇಣ ಹಿಡಿಸಿದ ಕ್ಯಾನ್ವಾಸ್ ಚೀಲದಲ್ಲಿ ಎಲ್ಲಕ್ಕಿಂತ ಕೊನೆಗೆ ಹಾಳಾಗುವುದು ಕ್ಯಾನ್ವಾಸ್. ಅದಕ್ಕೂ ಎಷ್ಟೋ ಮೊದಲು ಭುಜದ ಪಟ್ಟಿಯ ಬುಡ ಸಡಿಲವಾಗುತ್ತದೆ, ಜಿಪ್ಪು ಕೈಕೊಡುತ್ತದೆ, ತಳದ ಮೂಲೆಗಳು ಸವೆಯುತ್ತವೆ. ಮಾರುವವರ ವಿವರಣೆಯಲ್ಲಿ ಮಾತ್ರ ಮುಕ್ಕಾಲು ಪಾಲು ಬಟ್ಟೆಯ ಗುಣಗಾನವೇ ಇರುತ್ತದೆ. ಇಲ್ಲಿ ಹೇಳುತ್ತಿರುವುದು 20ರಿಂದ 25 ಲೀಟರಿನ, ಮೇಲೆ ಮುಚ್ಚಳವಿರುವ, ಚರ್ಮದ ಪಟ್ಟಿಯ ಮಾದರಿಯ ಬಗ್ಗೆ. ಬಳಕೆ ಬೆಂಗಳೂರಿನ ದ್ವಿಚಕ್ರದ ಓಡಾಟ ಮತ್ತು ಮಲೆನಾಡಿನ ಮಳೆಗಾಲದ್ದು.

ಬಟ್ಟೆಯ ವಿಷಯ ಬೇಗ ಮುಗಿಸೋಣ. ಕ್ಯಾನ್ವಾಸಿನ ದಪ್ಪವನ್ನು ಚದರ ಗಜಕ್ಕೆ ಇಷ್ಟು ಔನ್ಸ್ ಎಂದು ಹೇಳುವುದು ವಾಡಿಕೆ. 10 ಔನ್ಸ್ ಅಂದರೆ ಚದರ ಮೀಟರಿಗೆ ಸುಮಾರು 340 ಗ್ರಾಂ, 18 ಔನ್ಸ್ ಅಂದರೆ ಸುಮಾರು 610 ಗ್ರಾಂ. ಕೆಲವರು ಮೇಣ ಸೇರಿದ ಮೇಲಿನ ತೂಕ ಹೇಳುತ್ತಾರೆ, ಕೆಲವರು ಬರಿಯ ಬಟ್ಟೆಯದು; ಹೋಲಿಸುವ ಮೊದಲು ಇದನ್ನು ಕೇಳಿಕೊಳ್ಳಿ. ದಿನದ ಕಚೇರಿ ಓಡಾಟಕ್ಕೆ ಮೈಗೆ 12ರಿಂದ 15 ಔನ್ಸ್, ತಳಕ್ಕೆ ಎರಡು ಪದರ ಸಾಕು. 18 ಔನ್ಸಿನದು ಖಾಲಿಯಿದ್ದಾಗಲೇ ಒಂದೂವರೆ ಕಿಲೋ ದಾಟುತ್ತದೆ. ಅದರ ಮೇಲೆ ಲ್ಯಾಪ್‌ಟಾಪ್, ಊಟದ ಡಬ್ಬಿ, ನೀರಿನ ಬಾಟಲಿ ಸೇರಿದರೆ ಭುಜ ಮಾತಾಡಲು ಶುರುಮಾಡುತ್ತದೆ. ಸ್ಕಾಟ್ಲೆಂಡಿನ ಡಂಡಿಯ ಹ್ಯಾಲಿ ಸ್ಟೀವನ್‌ಸನ್ಸ್, ಇಂಗ್ಲೆಂಡಿನ ಬ್ರಿಟಿಷ್ ಮಿಲ್ಲರೇನ್ ಮುಂತಾದ ಹಳೆಯ ಗಿರಣಿಗಳ ಬಟ್ಟೆ ಚೆನ್ನಾಗಿಯೇ ಇರುತ್ತದೆ, ಅನುಮಾನವಿಲ್ಲ. ಆದರೆ ಗಿರಣಿಯ ಹೆಸರು ಹೊಲಿದವನ ಕೈಗೆ ಖಾತರಿ ಕೊಡುವುದಿಲ್ಲ.

ಕೊಳ್ಳುವಾಗ ಚೀಲವನ್ನು ಒಳಮಗ್ಗಲು ಮಾಡಿ ನೋಡಿ. ಭುಜದ ಪಟ್ಟಿ ಮೇಲ್ಗಡೆ ಎಲ್ಲಿ ಸೇರುತ್ತದೆ ಎಂಬುದೇ ಚೀಲದ ಆಯಸ್ಸು. ಪಟ್ಟಿಯ ತುದಿಯನ್ನು ಬರೀ ಅಂಚಿನ ಹೊಲಿಗೆಗೆ ಸಿಕ್ಕಿಸಿದ್ದರೆ ಇಡೀ ಭಾರ ಒಂದು ಸಾಲು ದಾರದ ಮೇಲೆ ಬೀಳುತ್ತದೆ, ಅಂಥದ್ದು ಬೇಡ. ತುದಿ ಹಿಂಬದಿಯ ಬಟ್ಟೆಯ ಮೇಲೆ ನಾಲ್ಕೈದು ಸೆಂಟಿಮೀಟರ್ ಇಳಿದಿರಬೇಕು, ಚೌಕ ಹೊಲಿದು ನಡುವೆ ಗುಣಿಸು ಗುರುತಿನಂತೆ ಅಡ್ಡ ಹೊಲಿಗೆ ಹಾಕಿರಬೇಕು, ಒಳಗಡೆ ಚರ್ಮದ ಅಥವಾ ದಪ್ಪ ಪಟ್ಟಿಯ ಆಸರೆ ಇರಬೇಕು. ರಿವೆಟ್ ಕಂಡು ಮರುಳಾಗಬೇಡಿ. ಆಸರೆಯಿಲ್ಲದೆ ಬರಿಯ ಕ್ಯಾನ್ವಾಸಿಗೆ ಹೊಡೆದ ರಿವೆಟ್ ತನ್ನ ತೂತನ್ನೇ ದೊಡ್ಡದು ಮಾಡಿಕೊಂಡು ಒಂದು ದಿನ ಹೊರಬರುತ್ತದೆ. ದಾರ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಲಿ. ಬಿಸಿಲಲ್ಲಿ ಹೆಚ್ಚು ಓಡಾಡುವವರಿಗೆ ಪಾಲಿಯೆಸ್ಟರ್ ವಾಸಿ, ಅತಿನೇರಳೆ ಕಿರಣಕ್ಕೆ ನೈಲಾನ್ ಬೇಗ ಸೋಲುತ್ತದೆ. ಇಂಚಿಗೆ ಆರರಿಂದ ಎಂಟು ಹೊಲಿಗೆ ಸರಿ. ತೀರಾ ಒತ್ತಾಗಿ ಹೊಲಿದರೆ ಸೂಜಿಯ ತೂತುಗಳೇ ಸಾಲಾಗಿ ಬಟ್ಟೆ ಹರಿಯುವ ಗೆರೆ ಹಾಕಿಕೊಡುತ್ತವೆ.

ಬಕಲ್ಲಿಗೆ ಅಯಸ್ಕಾಂತ ಹಿಡಿಯಿರಿ. ಅಪ್ಪಟ ಹಿತ್ತಾಳೆ ಅಂಟುವುದಿಲ್ಲ. ಅಂಟಿದರೆ ಒಳಗಿರುವುದು ಉಕ್ಕು, ಮೇಲಿರುವುದು ಬರಿಯ ಲೇಪ. ಲೇಪ ಸವೆದಾಗ ತುಕ್ಕು ಬಟ್ಟೆಗಿಳಿಯುತ್ತದೆ, ಆ ಕಲೆ ಹೋಗುವುದಿಲ್ಲ.

ನಮ್ಮ ಹವೆಗೆ ಸಂಬಂಧಿಸಿದ ದೊಡ್ಡ ತಕರಾರು ಬೆನ್ನಿನ ಭಾಗದ್ದು. ಈ ಬಟ್ಟೆ ತಂಪು ದೇಶದ ಮೀನುಗಾರರ, ದನ ಕಾಯುವವರ ಬಳಕೆಗೆ ಬೆಳೆದದ್ದು. ಮೇ ತಿಂಗಳಲ್ಲಿ ಅರ್ಧ ಗಂಟೆ ಬೈಕ್ ಓಡಿಸಿದರೆ ಮೈಶಾಖ ಮತ್ತು ಉಜ್ಜಾಟ ಸೇರಿ ಬೆನ್ನಿನ ಮೇಣ ಅಂಗಿಗೆ ಹತ್ತುತ್ತದೆ. ಬಿಳಿ ಅಂಗಿಯಲ್ಲಿ ಅದು ಎದ್ದು ಕಾಣುತ್ತದೆ, ಸಾಬೂನಿಗೂ ಜಗ್ಗುವುದಿಲ್ಲ. ಹಾಗಾಗಿ ಬೆನ್ನಿಗೆ ತಾಗುವ ಕಡೆ ಮೇಣವಿಲ್ಲದ ಬಟ್ಟೆ ಅಥವಾ ಜಾಲರಿ ಇರುವ ಮಾದರಿಯನ್ನೇ ಆರಿಸಿ. ಆಗಲೇ ಕೊಂಡಾಗಿದ್ದರೆ ಮೇಣ ಮತ್ತೆ ಹಚ್ಚುವಾಗ ಆ ಭಾಗವನ್ನು ಬಿಟ್ಟುಬಿಡಿ. ಬೆವರಿನ ಉಪ್ಪು ಬಿಳಿ ವರ್ತುಲವಾಗಿ ಕಂಡರೆ ತಣ್ಣೀರಿನ ಒದ್ದೆ ಬಟ್ಟೆಯಿಂದ ಒರೆಸಿ.

ಮಳೆ ತಡೆಯುತ್ತದೆಯೇ? ಬಟ್ಟೆ ತಡೆಯುತ್ತದೆ, ಚೀಲ ತಡೆಯುವುದಿಲ್ಲ. ಬೆಂಗಳೂರಿನ ಸಂಜೆಯ ಇಪ್ಪತ್ತು ನಿಮಿಷದ ಮಳೆಗೆ ಒಳಗೆ ಹನಿಯೂ ಇಳಿಯದು. ಆಗುಂಬೆ ಕಡೆಯ ಜುಲೈ ಮಳೆಯಲ್ಲಿ ಗಂಟೆಗಟ್ಟಲೆ ನಡೆದರೆ ಹೊಲಿಗೆಯ ತೂತು ಮತ್ತು ಜಿಪ್ಪಿನ ಮೂಲಕ ನೀರು ಒಳಬರುತ್ತದೆ. ಮೇಲ್ಗಡೆ ಜಿಪ್ಪಿರುವ ಮಾದರಿಗಿಂತ ಮುಚ್ಚಳದ್ದು ಅಥವಾ ಬಾಯಿ ಸುರುಳಿ ಸುತ್ತುವಂಥದ್ದು ಮೇಲು. ಏನೇ ಇರಲಿ, ಲ್ಯಾಪ್‌ಟಾಪಿಗೆ ಒಳಗೊಂದು ಪ್ಲಾಸ್ಟಿಕ್ ಕವರ್ ಹಾಕಿಯೇ ಹೊರಡಿ.

ನೆನೆಯುವುದಕ್ಕಿಂತ ದೊಡ್ಡ ಅಪಾಯ ಒಣಗದಿರುವುದು. ಹತ್ತಿ ಬಟ್ಟೆ ಬೂಷ್ಟಿಗೆ ಆಹಾರ. ಮೇಣ ಅದನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಮಳೆಗಾಲದಲ್ಲಿ ಬೀರುವಿನೊಳಗೆ ಇಟ್ಟ ಚೀಲದಲ್ಲಿ ಮೊದಲು ಬೂಷ್ಟು ಕಾಣುವುದು ಚರ್ಮದ ಪಟ್ಟಿಯ ಮೇಲೆ, ಆಮೇಲೆ ಒಳ ಮೂಲೆಗಳಲ್ಲಿ. ಬಂದ ಕೂಡಲೇ ಖಾಲಿ ಮಾಡಿ, ಜೇಬುಗಳನ್ನೆಲ್ಲ ತೆರೆದು, ಬಾಯಿ ಕೆಳಗಾಗಿ ಫ್ಯಾನಿನ ಗಾಳಿಗೆ ತೂಗುಹಾಕಿ. ಅಡಿಕೆ ಸೀಮೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಎಲ್ಲವನ್ನೂ ಒಣಗಿಸುತ್ತದೆ ನಿಜ, ಇದನ್ನು ಮಾತ್ರ ಅಲ್ಲಿ ಇಡಬೇಡಿ: ಮೇಣ ಕರಗಿ ಹೊಗೆಯ ವಾಸನೆಯನ್ನೂ ಮಸಿಯನ್ನೂ ಹೀರಿಕೊಳ್ಳುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಬೂಷ್ಟು ಬಂದಿದ್ದರೆ ಮನೆಯ ಹೊರಗೆ ಒಣ ಬ್ರಷ್‌ನಿಂದ ಉದುರಿಸಿ, ಬಿಳಿ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ ಬಟ್ಟೆಯ ಭಾಗಕ್ಕೆ ಒರೆಸಿ, ಗಾಳಿಗೆ ಪೂರ್ತಿ ಒಣಗಿಸಿ. ಉಳಿಯುವ ಕಪ್ಪು ಚುಕ್ಕೆಗಳಿಗೆ ಬ್ಲೀಚ್ ಹಾಕಿದರೆ ಚುಕ್ಕೆಯ ಜೊತೆ ಬಣ್ಣವೂ ಹೋಗುತ್ತದೆ.

ವಾಷಿಂಗ್ ಮೆಷಿನ್, ಬಿಸಿನೀರು, ಸೋಪಿನ ಪುಡಿ, ಡ್ರೈಕ್ಲೀನಿಂಗ್, ನಾಲ್ಕೂ ನಿಷಿದ್ಧ. ಪೆಟ್ರೋಲ್ ಕೂಡ: ಬಂಕಿನಲ್ಲಿ ಚೆಲ್ಲಿದ ನಾಲ್ಕು ಹನಿ ಅಷ್ಟಗಲದ ಮೇಣವನ್ನು ಕರಗಿಸಿಬಿಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಬಿಟ್ಟರೆ ಮೇಣ ಸೀಟಿಗೂ ಇಳಿಯುತ್ತದೆ. ಮಡಚಿದ ಕಡೆ ಕಾಣುವ ತಿಳಿ ಗೆರೆಗಳು ಮಾತ್ರ ದೋಷವಲ್ಲ, ಕೈಯಿಂದ ತಿಕ್ಕಿ ಬಿಸಿ ಮಾಡಿದರೆ ಮಾಯ.

ಮತ್ತೆ ಮೇಣ ಹಚ್ಚುವ ಕಾಲ ಯಾವಾಗ ಎಂದು ತಿಳಿಯಲು ಕ್ಯಾಲೆಂಡರ್ ಬೇಡ. ನೀರು ಚಿಮುಕಿಸಿ, ಮಣಿಯಾಗಿ ಉರುಳಿದರೆ ಬೇಡ, ಹರಡಿ ಬಟ್ಟೆ ಕಪ್ಪಾದರೆ ಬೇಕು. ಮಳೆಗಾಲಕ್ಕೆ ಮುಂಚೆ, ಏಪ್ರಿಲ್–ಮೇನಲ್ಲಿ ಹಚ್ಚುವುದು ಅನುಕೂಲ. ಸಿದ್ಧ ಮೇಣದ ಬಿಲ್ಲೆ ದುಬಾರಿಯೆನಿಸಿದರೆ ಪ್ಯಾರಾಫಿನ್ (ಮೇಣದಬತ್ತಿಗೆ ಬಳಸುವ ಗಟ್ಟಿ ಮೇಣ) ಎರಡು ಪಾಲು, ಜೇನುಮೇಣ ಒಂದು ಪಾಲು ಕರಗಿಸಿ ಅಚ್ಚು ಹಾಕಿಕೊಳ್ಳಬಹುದು. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಸಾಮಾನ್ಯ ಪ್ಯಾರಾಫಿನ್ ಅದಕ್ಕೂ ಕಡಿಮೆಗೆ. ಕಲಬುರಗಿ, ರಾಯಚೂರಿನ ಕಡೆಯವರು ಅಂಟು ಕಡಿಮೆಯಾಗಲೆಂದು ಹೆಚ್ಚು ಶಾಖಕ್ಕೆ ಕರಗುವ ಗಟ್ಟಿ ಪ್ಯಾರಾಫಿನ್ ಆರಿಸುವುದು ಒಳ್ಳೆಯದು. ನೇರ ಉರಿಯ ಮೇಲೆ ಕರಗಿಸಬಾರದು. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯದೆ ತಟ್ಟೆ ಮುಚ್ಚಿ.

ಇಡೀ ಚೀಲಕ್ಕೆ 60ರಿಂದ 80 ಗ್ರಾಂ ಸಾಕು. ಮಣ್ಣು ಉದುರಿಸಿ, ತಣ್ಣೀರಿನಲ್ಲಿ ಒರೆಸಿ, ಎರಡು ದಿನ ಒಣಗಿಸಿ. ತೇವದ ಮೇಲೆ ಹಚ್ಚಿದರೆ ಮೇಣ ಒಳಗಿಳಿಯದು. ಅಂಗೈಯಗಲದ ಜಾಗವನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗಾಗಿಸಿ, ಬಿಲ್ಲೆಯನ್ನು ತೆಳುವಾಗಿ ಉಜ್ಜಿ, ಮೇಲೆ ನಿಂತ ಮೇಣ ಹೀರಿಹೋಗುವವರೆಗೆ ಮತ್ತೆ ಬಿಸಿಗಾಳಿ ಹಿಡಿಯಿರಿ. ಹೊಲಿಗೆಯ ಸಾಲಿಗೆ ಎರಡು ಸಲ. ಮಿಕ್ಕಿದ್ದನ್ನು ಹಳೆ ಪಂಚೆ ತುಂಡಿನಿಂದ ಒರೆಸಿ ಒಂದು ದಿನ ನೆರಳಿನಲ್ಲಿ ತೂಗುಹಾಕಿ. ಹೆಚ್ಚಿನವರು ಎಡವುವುದು ಪ್ರಮಾಣದಲ್ಲಿ. ದಪ್ಪಗೆ ಮೆತ್ತಿದ ಮೇಣ ನೀರನ್ನು ಹೆಚ್ಚೇನೂ ತಡೆಯುವುದಿಲ್ಲ, ರಸ್ತೆಯ ದೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಆ ದೂಳೇ ನೂಲನ್ನು ಅರೆಯುತ್ತದೆ.

ದುರಸ್ತಿಯಲ್ಲಿ ಈ ಚೀಲ ನೈಲಾನಿನದಕ್ಕಿಂತ ಬಹಳ ಮುಂದೆ. ತಳ ಹರಿದರೆ ಅದೇ ದಪ್ಪದ ಕ್ಯಾನ್ವಾಸ್ ತೇಪೆಯನ್ನು ಒಳಗಿನಿಂದ ಇಟ್ಟು ಹೊಲಿಸಿ. ಅಂಟಿಸಲು ಹೋಗಬೇಡಿ, ಮೇಣದ ಮೇಲೆ ಯಾವ ಅಂಟೂ ನಿಲ್ಲದು. ಟೈಲರ್ ಯಂತ್ರ ತಡವರಿಸುತ್ತದೆ, ಸೂಜಿಗೂ ಮೇಣ ಮೆತ್ತಿಕೊಳ್ಳುತ್ತದೆ. ಚಪ್ಪಲಿ ಹೊಲಿಯುವವರ ದಬ್ಬಳದ ಕೈಹೊಲಿಗೆಯೇ ಗಟ್ಟಿ. ಜಿಪ್ಪಿನ ಹಲ್ಲುಗಳು ಸರಿಯಿದ್ದೂ ಹಿಂದೆ ಬಿಚ್ಚಿಕೊಳ್ಳುತ್ತಿದ್ದರೆ ಸವೆದಿರುವುದು ಹಲ್ಲುಗಳನ್ನು ಕೂಡಿಸುತ್ತ ಜಾರುವ ಸ್ಲೈಡರ್ ಮಾತ್ರ. ಇಕ್ಕಳದಿಂದ ಎರಡೂ ಬದಿ ಸ್ವಲ್ಪ ಸ್ವಲ್ಪವೇ ಒತ್ತಿ ನೋಡಿ, ಸ್ವಲ್ಪ ಕಾಲ ನಡೆಯುತ್ತದೆ. ಅದಕ್ಕೂ ಬಗ್ಗದಿದ್ದರೆ ಸ್ಲೈಡರಿನ ಬೆನ್ನಿಗೆ ಒತ್ತಿರುವ 5, 8 ಅಥವಾ 10ರ ಸಂಖ್ಯೆ ನೋಡಿ ಅದೇ ಅಳತೆಯ, ಅದೇ ಜಾತಿಯ ಹಲ್ಲಿನದನ್ನು ಹಾಕಿಸಿ. ಇಡೀ ಜಿಪ್ಪು ಬದಲಿಸಬೇಕೆಂದು ಯಾರಾದರೂ ಹೇಳಿದರೆ ಇನ್ನೊಂದು ಅಂಗಡಿಗೆ ಹೋಗಿ.