ನಂಪೈ: ಕೆಲಸ ಜೋರು, += ಹಾಕುವಾಗ ಹುಷಾರು

ದಿನವಿಡೀ ನಂಪೈ (ಪೈಥಾನ್‌ನಲ್ಲಿ ಅಂಕಿಗಳ ಲೆಕ್ಕ ಮಾಡುವ ಲೈಬ್ರರಿ) ಬಳಸುತ್ತೇನೆ, ವೇಗದ ಬಗ್ಗೆ ದೂರಿಲ್ಲ. 5ಕ್ಕೆ 4 ಸ್ಟಾರ್. ಒಂದು ಸ್ಟಾರ್ ಕತ್ತರಿಸಿದ್ದು ಇಂಡೆಕ್ಸ್ ಪಟ್ಟಿ (ಯಾವ ಯಾವ ಮನೆ ಅನ್ನುವ ಸಂಖ್ಯೆಗಳು, ಎಣಿಕೆ 0ಯಿಂದ ಶುರು) ಕೊಟ್ಟು += (ಇರುವ ಬೆಲೆಗೆ ಕೂಡಿಸು ಅಂತ) ಹಾಕಿ ಬೇಸ್ತು ಬಿದ್ದಿದ್ದಕ್ಕೆ. ಸೊನ್ನೆಗಳ ಅರೇ (ಬೆಲೆಗಳ ಸಾಲು) ಮೇಲೆ ಎ[[0, 0, 1]] += 1 ಅಂತ ಬರೆದರೆ 0 ಎರಡು ಸಲ ಇರುವುದರಿಂದ ಮೊದಲ ಮನೆಯಲ್ಲಿ 2 ಇರಬೇಕು, ಅಲ್ವಾ? ಇರುವುದು 1. ಯಾಕಂದ್ರೆ ಅದು ಮೊದಲು ಆ ಮೂರೂ ಬೆಲೆಗಳ ಕಾಪಿ ತೆಗೆದು, ಎಲ್ಲಕ್ಕೂ ಒಂದು ಕೂಡಿಸಿ, ಆಮೇಲೆ ವಾಪಸ್ ಬರೆಯುತ್ತದೆ, ಹಾಗಾಗಿ ಎರಡು ಸಲವೂ ಅಲ್ಲಿ ಕೂರುವುದು ಅದೇ 1. ಎರರ್ ಇಲ್ಲ, ವಾರ್ನಿಂಗೂ ಇಲ್ಲ, ಸುಮ್ನೆ ತಪ್ಪು ಉತ್ತರ. (ಸ್ಲೈಸ್‌ನಲ್ಲಿ ಅಂದ್ರೆ ಇಲ್ಲಿಂದ ಅಲ್ಲಿವರೆಗೆ ಅಂತ ಮನೆಗಳನ್ನು ಆರಿಸಿದಾಗ ಈ ತಲೆನೋವಿಲ್ಲ, ಒಂದೇ ಮನೆ ಎರಡು ಸಲ ಬರುವುದೇ ಇಲ್ಲ.) ಒಂದೇ ಮನೆ ಎಷ್ಟು ಸಲ ಬಂದರೂ ಅಷ್ಟೂ ಸಲ ಕೂಡಿಸುವ ನಂಪೈ ಫಂಕ್ಷನ್ ಆ್ಯಡ್.ಆ್ಯಟ್ ಬಳಸಿದರೆ 2 ಸಿಗುತ್ತದೆ. ಹಿಂದೆ ಅದು ಆಮೆ, 2023ರ 1.25 ಆವೃತ್ತಿಯಿಂದ ಚುರುಕಾಗಿದೆ. ಯಾವ ಸಂಖ್ಯೆ ಎಷ್ಟು ಸಲ ಬಂತು ಅನ್ನುವ ಬರೀ ಎಣಿಕೆಗಾದರೆ ನಂಪೈ ಫಂಕ್ಷನ್ ಬಿನ್‌ಕೌಂಟ್ ಸಾಕು.